ಯಜಮಾನರ ಬಂದೂಕು

ಅದನ್ನು ಬಂದೂಕು ಎಂದು ಕರೆಯುವುದೇ ದೊಡ್ಡ ಮಾತು. ಡೇರೆಯ ಗೂಟ ಹೊಡೆಯಲು ಅದರ ಹಿಂಬದಿಯ ಕಟ್ಟಿಗೆ, ಮಂಜುಗಡ್ಡೆಯ ಸಂದಿಯಲ್ಲಿ ಸಿಕ್ಕಿಬಿದ್ದ ಜಾರುಬಂಡಿಯನ್ನು ಮೀಟಿ ಎತ್ತಲು ಅದರ ನಳಿಗೆ, ಕೆಟಲಿನಲ್ಲಿ ಹೆಪ್ಪುಗಟ್ಟಿದ ನೀರು ಕುಟ್ಟಲು ಮತ್ತೆ ಅದೇ ಕಟ್ಟಿಗೆ. ಒಂದು ಬೇಸಿಗೆಯಲ್ಲಿ ದೋಣಿಯ ಹುಟ್ಟು ನೀರುಪಾಲಾಗಿ, ಅದರ ಒಡೆಯ ಕಲಿಂಗೊ ಈ ಬಂದೂಕಿನಿಂದಲೇ ನೀರು ತಳ್ಳಿಕೊಂಡು ದಡ ಸೇರಿದ್ದ. ಇಷ್ಟೆಲ್ಲ ಚಾಕರಿ ಮುಗಿದು ಬಿಡುವಾದರೆ ಅದು ಸೀಲ್ ಎಂಬ ಕಡಲಪ್ರಾಣಿಯನ್ನೂ ಹೊಡೆಯುತ್ತಿತ್ತು.

ಎಲ್ಲೋ ನಡೆದ ದೊಡ್ಡ ಯುದ್ಧದಲ್ಲಿ ಯಾರೋ ಸಿಪಾಯಿಯ ಹೆಗಲ ಮೇಲಿದ್ದ ತ್ರೀ ನಾಟ್ ತ್ರೀ ಅದು. ಯುದ್ಧ ಮುಗಿದ ಮೇಲೆ ಸರ್ಕಾರ ಅಂಥವನ್ನು ರಾಶಿ ಹಾಕಿ ಅಗ್ಗಕ್ಕೆ ಮಾರಿತು. ಹಿಟ್ಟು, ಚಹಾ, ತಂಬಾಕು ಹೊತ್ತ ಹಡಗಿನಲ್ಲೇ ಅವೂ ಉತ್ತರದ ಹಿಮಸೀಮೆಯಲ್ಲಿರುವ ನಮ್ಮ ಹಡ್ಸನ್ ಕೊಲ್ಲಿಯ ದಂಡೆಗೆ ಬಂದಿಳಿದವು. ಕಲಿಂಗೊ ಬಿಳಿನರಿಯ ತೊಗಲುಗಳನ್ನು ಕೊಟ್ಟು ಒಂದನ್ನು ತಂದುಕೊಂಡ. ಉದ್ದ ಜಾಸ್ತಿ ಎಂದು ಮುಂದಿನ ಕಟ್ಟಿಗೆಯನ್ನು ಗರಗಸ ಹಿಡಿದು ಕೊಯ್ದು ಹಾಕಿದ. ಹಿಂದಿನ ಕಟ್ಟಿಗೆ ಒಂದು ಸಲ ಸೀಳಿದಾಗ ಅವನ ಹೆಂಡತಿ ಇಲಿಸಾಪಿ ಹಸಿ ಸೀಲ್ ತೊಗಲು ಸುತ್ತಿ ಹೊಲಿದಳು. ತೊಗಲು ಒಣಗಿ ಬಿಗಿಯಿತು ನೋಡಿ, ಇವತ್ತಿನವರೆಗೂ ಅಲ್ಲಾಡಿಲ್ಲ. ಆಮೇಲೆ ಜಾರುಬಂಡಿ ಮೀಟುವಾಗ ನಳಿಗೆಯ ತುದಿಯಲ್ಲಿದ್ದ ಗುರಿಮೊಳೆ ಮುರಿದು ಹಾರಿಹೋಯಿತು. ಕಲಿಂಗೊ ಖಾಲಿ ತೋಟೆಯ ಹಿತ್ತಾಳೆಯನ್ನು ಅರದಿಂದ ಉಜ್ಜಿ, ಹೊಸ ಮೊಳೆ ಮಾಡಿ ಕೂರಿಸಿದ. ಮೊಳೆ ಕೂತಿತು, ಆದರೆ ಕೂದಲೆಳೆಯಷ್ಟು ಓರೆ. ಅಷ್ಟಕ್ಕೇ ಗುಂಡು ಒಂದು ಗೇಣು ಎಡಕ್ಕೆ ಹೋಗತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಬಿಚ್ಚಿ ಸರಿಮಾಡುತ್ತಿದ್ದರು. ಕಲಿಂಗೊ ಆ ಗೋಜಿಗೇ ಹೋಗಲಿಲ್ಲ. 'ಅದು ಎಡಕ್ಕೆ ಹೋಗುತ್ತೆ, ನಾನು ಬಲಕ್ಕೆ ಹಿಡೀತೀನಿ. ಇಬ್ಬರೂ ಒಪ್ಕೊಂಡಿದೀವಿ, ನಿಮಗೇನು?' ಎನ್ನುತ್ತಿದ್ದ. ಸೀಲಿನ ತಲೆಯಿಂದ ಗೇಣು ಬಲಕ್ಕಿರುವ ಖಾಲಿ ಹಿಮಕ್ಕೆ ಗುರಿಯಿಟ್ಟು ತಲೆಗೇ ಹೊಡೆಯುತ್ತಿದ್ದ. ಕಲಿಂಗೊ ಅಂಗಡಿಗೆ ಗುರಿಯಿಟ್ಟರೆ ಇಗರ್ಜಿಯವರು ಬಗ್ಗಿ ಕೂರಬೇಕು ಎಂದು ಊರೆಲ್ಲ ನಗುತ್ತಿತ್ತು.

ಒಂದು ಚಳಿಗಾಲದ ಕೊನೆಯಲ್ಲಿ ಕೆಮ್ಮು ಎದೆಗಿಳಿದು ಕಲಿಂಗೊ ತೀರಿಕೊಂಡ. ಆಗ ಅವನ ಮಗ ತುಮಾಸಿಯ ಹೆಂಡತಿ ಸಿಯಾಸಿ ತುಂಬಿದ ಬಸುರಿ. ಸಮುದ್ರದ ಮಂಜುಗಡ್ಡೆ ಒಡೆಯುವ ಮೊದಲೇ ಹೆರಿಗೆಯಾಯಿತು. ಹೊಕ್ಕುಳಬಳ್ಳಿ ಕತ್ತರಿಸಿದವಳು ಕಲಿಂಗೊನ ಅಕ್ಕ ಮಾತಾ. ನಮ್ಮಲ್ಲಿ ಹೆಸರು ಸುಮ್ಮನೆ ಇಡುವ ವಸ್ತುವಲ್ಲ. ಸತ್ತವರ ಹೆಸರು ಮಗುವಿಗೆ ಬಂತೆಂದರೆ ಸತ್ತವರೇ ಬಂದ ಹಾಗೆ. ಮಾತಾ ಕೂಸನ್ನು ಎತ್ತಿ ಹಿಡಿದು, ಹೆಣ್ಣೆಂದು ನೋಡಿ, ನಕ್ಕುಬಿಟ್ಟಳು.

"ಬಂದ್ಯೇನೋ ತಮ್ಮಾ! ಈ ಸಲ ಹಿಂಗೆ ಬಂದಿದೀಯ. ಇರ್ಲಿ ಬಿಡು, ಬಂದ್ಯಲ್ಲ."

ಕಲಿಂಗೊ ಎಂದೇ ಹೆಸರಿಟ್ಟು, ಕೂಸನ್ನು ತಂದು ಇಲಿಸಾಪಿಯ ಮಡಿಲಿಗೆ ಹಾಕಿದಳು. ಇಲಿಸಾಪಿ ಅದರ ಮುಖವನ್ನು ದಿಟ್ಟಿಸಿ ನೋಡಿ, "ಇಷ್ಟು ಬೇಗ ಬಂದ್ರಾ?" ಎಂದಳು.

ಅಂದಿನಿಂದ ಆ ಮನೆಯಲ್ಲಿ ನಡೆದದ್ದನ್ನು ಹೊರಗಿನವರು ಕೇಳಿದರೆ ತಲೆ ತಿರುಗಬೇಕು, ನಮಗೇನೂ ಅನ್ನಿಸುವುದಿಲ್ಲ. ಅಜ್ಜಿ ಮೊಮ್ಮಗಳನ್ನು 'ಯಜಮಾನ್ರೇ' ಎನ್ನುತ್ತಿದ್ದಳು. ಮೊಮ್ಮಗಳು ಅಜ್ಜಿಯನ್ನು 'ಏನೇ' ಎನ್ನುತ್ತಿದ್ದಳು. ತುಮಾಸಿ ತನ್ನ ಸ್ವಂತ ಮಗಳನ್ನು 'ಅಪ್ಪಾ' ಎಂದು ಕರೆದರೆ ಅವಳು 'ಏನೋ ಮಗನೇ' ಎಂದು ಓಗೊಡುತ್ತಿದ್ದಳು. ಮಾತಾ ಅತ್ತೆಗಂತೂ ಅವಳು ತಮ್ಮನೇ.

"ರೀ, ಮೂಗು ಒರೆಸ್ಕೊಳ್ಳಿ. ಊರಿನವರೆದುರು ನನ್ನ ಮಾನ ತೆಗೀಬೇಡಿ," ಎಂದು ಇಲಿಸಾಪಿ ಐದು ವರ್ಷದ ಪೋರಿಯ ಹಿಂದೆ ಓಡುತ್ತಿದ್ದಳು.

"ಹೋಗೇ, ನಿಂದೊಂದು ಗೋಳು," ಎಂದು ಯಜಮಾನರು ತೋಳಿನಿಂದಲೇ ಮೂಗು ಒರೆಸಿಕೊಂಡು ಆಟಕ್ಕೆ ಹೋಗುತ್ತಿದ್ದರು.

ಹಳೆಯ ಜಗಳಗಳೂ ಮುಂದುವರಿದವು. ಇಲಿಸಾಪಿಗೆ ಮನಸ್ಸಿನಲ್ಲಿ ಉಳಿದಿದ್ದು ಬಹಳ ಇತ್ತು. ರೊಟ್ಟಿ ತಟ್ಟುತ್ತ, ತೊಗಲು ಹೆರೆಯುತ್ತ ಒಂದೊಂದಾಗಿ ಹೊರಗೆ ಹಾಕುತ್ತಿದ್ದಳು.

"ನನ್ನ ತಮ್ಮನ ಮದುವೆಗೆ ಹೋಗೋಣ ಅಂದ್ರೆ ಮೀನು ಹಿಡಿಯೋಕೆ ಹೋದ್ರಲ್ಲ, ಅದಕ್ಕೇನು ಹೇಳ್ತೀರಿ ಈಗ?"

"ಮೀನು ಸಿಕ್ತಾ?"

"ಸಿಕ್ತು."

"ಮತ್ತೆ? ಸಿಗದೇ ಇದ್ದಿದ್ರೆ ಬಯ್ಯಿ."

"ಆವತ್ತೂ ಹಿಂಗೇ ಅಂದಿದ್ರಿ! ಇದೇ ಮಾತು!" ಎಂದು ಇಲಿಸಾಪಿ ಬೈಯುತ್ತ ಬೈಯುತ್ತ ನಗುತ್ತಿದ್ದಳು. ಬದುಕು ಹಾಗೆ ಚೆನ್ನಾಗಿಯೇ ಸಾಗಿತ್ತು. ಅವಳನ್ನು ವಿಧವೆ ಎಂದು ಯಾರೂ ಎಣಿಸಲಿಲ್ಲ, ಅವಳೂ ಎಣಿಸಿಕೊಳ್ಳಲಿಲ್ಲ.

ಬಂದೂಕು ಹೊರಬಾಗಿಲ ಚಾವಡಿಯಲ್ಲಿ, ಚಳಿಯಲ್ಲೇ ತೂಗಿಕೊಂಡಿತ್ತು. ಬೆಚ್ಚಗಿನ ಮನೆಯೊಳಗೆ ತಂದರೆ ಕಬ್ಬಿಣ ಬೆವರುತ್ತದೆ, ಮತ್ತೆ ಹೊರಗೊಯ್ದರೆ ಆ ಬೆವರು ಹೆಪ್ಪುಗಟ್ಟಿ ಬೋಲ್ಟ್ ಅಲ್ಲಾಡುವುದಿಲ್ಲ. ಅಷ್ಟು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ತುಮಾಸಿ ತನಗೆಂದು ದುರ್ಬೀನು ಕೂರಿಸಿದ ಹೊಸ ಬಂದೂಕು ಕೊಂಡುಕೊಂಡ. ಇದು ಯಜಮಾನರದು, ಯಜಮಾನರು ದೊಡ್ಡವರಾಗುವುದನ್ನು ಕಾಯುತ್ತಿತ್ತು.

ಯಜಮಾನರು ದೊಡ್ಡವರಾದರು. ಉದ್ದನೆಯ ಜಡೆ, ಅಗಲ ಭುಜ, ಮಾತು ಕಡಿಮೆ. ಸಣ್ಣ ಬಂದೂಕಿನಲ್ಲಿ ಹಿಮಕೋಳಿಗಳನ್ನು ಹೊಡೆದು ತರುತ್ತಿದ್ದಳು, ಗುರಿ ತಪ್ಪಿದ್ದೇ ಅಪರೂಪ. ಹದಿಮೂರು ತುಂಬಿದ ವಸಂತದಲ್ಲಿ ಸೀಲುಗಳು ಮಂಜುಗಡ್ಡೆಯ ಮೇಲೆ ಬಂದು ಬಿಸಿಲು ಕಾಯತೊಡಗಿದಾಗ ಇಲಿಸಾಪಿ ಚಾವಡಿಯಿಂದ ತ್ರೀ ನಾಟ್ ತ್ರೀಯನ್ನು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ತಗೊಳ್ಳಿ. ನಿಮ್ಮದು ನಿಮಗೆ ಒಪ್ಪಿಸಿದೀನಿ."

ಅದೇ ವಾರ ಇನ್ನೊಂದು ಸುದ್ದಿ ಬಂತು. ಮಾತಾ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ದಕ್ಷಿಣದ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಮುಂದಿನ ವಿಮಾನದಲ್ಲಿ ಕಳಿಸುತ್ತೇವೆ ಎಂದು ನರ್ಸಮ್ಮ ಹೇಳಿದಳು. ಆ ವಿಮಾನ ಹತ್ತಿ ಹೋದ ಮುದುಕರಲ್ಲಿ ತಿರುಗಿ ಬಂದವರು ಕಡಿಮೆ, ಅದು ಎಲ್ಲರಿಗೂ ಗೊತ್ತು. ಮಾತಾಳಿಗೂ ಗೊತ್ತು. ಅವಳಿಗಿದ್ದ ಚಿಂತೆಯೇ ಬೇರೆ. ನಮ್ಮಲ್ಲಿ ಯಾರ ಮೊದಲ ಸೀಲೇ ಆಗಲಿ, ಅದು ಅವರ ಹೊಕ್ಕುಳಬಳ್ಳಿ ಕತ್ತರಿಸಿದವಳಿಗೆ ಸಲ್ಲಬೇಕು. ಅವಳು ತಿಂದು, ಊರಿಗೆ ಹಂಚಿ, ಹರಸಿದ ಮೇಲೆಯೇ ಬೇಟೆಯ ಕೈ ಬಿಚ್ಚುವುದು. ಅವಳ ಬಾಯಿಗೆ ಬೀಳದಿದ್ದರೆ ಬದುಕಿಡೀ ಅರ್ಧ ಬೇಟೆಗಾರನೇ.

"ನನ್ನ ತಮ್ಮನ ಮೊದಲ ಸೀಲ್ ತಿನ್ನದೆ ನಾನು ವಿಮಾನ ಹತ್ತಲ್ಲ," ಎಂದಳು ಮಾತಾ.

"ಹಂಗೆಲ್ಲ ಹಟ ಮಾಡ್ಬೇಡ ಅತ್ತಿಗೆ," ಎಂದಳು ಇಲಿಸಾಪಿ. "ಹೊಡ್ಕೊಂಡು ಬರ್ತಾರೆ. ಅವರ ಗುರಿ ನಿನಗೆ ಗೊತ್ತಿಲ್ವಾ?"

ಹುಡುಗಿ ಕಲಿಂಗೊ ಅಪ್ಪನ ಜೊತೆ ಮಂಜುಗಡ್ಡೆಯ ಮೇಲೆ ಹೋದಳು. ಒಂದು ಸೀಲ್ ಸಿಕ್ಕಿತು, ಹೊಡೆದಳು, ತಪ್ಪಿತು. ಸೀಲಿನ ಬೇಟೆಯಲ್ಲಿ ಎರಡನೇ ಗುಂಡು ಇರುವುದಿಲ್ಲ. ಅದು ಉಸಿರಾಡಲು ಗಡ್ಡೆಯಲ್ಲಿ ಕೊರೆದುಕೊಂಡ ತೂತಿನ ಪಕ್ಕದಲ್ಲೇ ಮಲಗಿರುತ್ತದೆ, ತಲೆಗೆ ಬಿದ್ದರೆ ಬಿತ್ತು, ಇಲ್ಲವಾದರೆ ಜಾರಿ ನೀರಿಗೆ. ಮಾರನೇ ದಿನ ಮತ್ತೊಂದು, ಅದೂ ತಪ್ಪಿತು. ಮೂರನೆಯದು ತುಂಬ ಹತ್ತಿರದಲ್ಲಿತ್ತು, ಕೊಬ್ಬಿ ನಿದ್ದೆ ಹೊಡೆಯುತ್ತಿತ್ತು. ಅದೂ ನೀರು ಕಂಡಿತು.

ಊರು ಚಿಕ್ಕದು, ಬಾಯಿ ದೊಡ್ಡದು. ಅಂಗಡಿಯ ಬಾಗಿಲಲ್ಲಿ ಪಕ್ಕದ ಮನೆಯ ಆಯ್ಸಾ ಕಾದೇ ಇದ್ದ.

"ಏನು ಕಲಿಂಗೊ, ಸೀಲುಗಳೆಲ್ಲ ಹಳೇ ನೆಂಟರಾ? ಹೊಡೆಯೋಕೆ ಮನಸ್ಸೇ ಬರ್ತಿಲ್ವಾ?"

"ಬಂದೂಕು ಸರಿಯಿಲ್ಲ," ಎಂದಳು ಹುಡುಗಿ ಮುಖ ತಗ್ಗಿಸಿ.

"ಅಯ್ಯಯ್ಯೋ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!" ಆಯ್ಸಾ ತೊಡೆ ತಟ್ಟಿಕೊಂಡು ನಕ್ಕ. "ಅದರಲ್ಲೇ ಅಲ್ವೇನೋ ಮಾರಾಯಾ ನೀನು ಊರಿಗೆಲ್ಲ ಮಾಂಸ ತಿನ್ನಿಸಿದ್ದು?"

ಅವನೇನೂ ಕೆಟ್ಟವನಲ್ಲ. ಹಳೇ ಗೆಳೆಯನನ್ನು ರೇಗಿಸಿದ ಅಷ್ಟೆ. ಆದರೆ ಹದಿಮೂರು ವರ್ಷದ ಹುಡುಗಿಗೆ ಅದು ಚುಚ್ಚಿತು. ಮನೆಗೆ ಬಂದವಳೇ ಬಂದೂಕನ್ನು ಚಾವಡಿಯ ಮೊಳೆಗೆ ತೂಗುಹಾಕಿ, ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಇಲಿಸಾಪಿ ಚಹಾ ತಂದಳು.

"ರೀ, ಎದ್ದೇಳಿ. ಒಂದು ಸೀಲಿಗೆ ಇಷ್ಟು ಮುನಿಸಾ? ನಾಳೆ ಸಿಗುತ್ತೆ."

"ನಾಳೆ ತುಮಾಸಿಯ ಬಂದೂಕು ಕೊಡು. ಇದು ನಂದಲ್ಲ."

"ನಿಮ್ಮದಲ್ದೆ ಇನ್ಯಾರದ್ದು?"

"ನಂದಲ್ಲ ಅಂದ್ನಲ್ಲ. ನಂದಾಗಿದ್ರೆ ತಪ್ಪುತ್ತಿತ್ತಾ? ಮಾತಾ ಅಕ್ಕ ಬೇರೆ ಯಾರನ್ನೋ ನೋಡಿ ಕಲಿಂಗೊ ಅಂದ್ಕೊಂಡ್ಳು. ನಾನು ಅವನಲ್ಲವೇ ಅಲ್ಲ."

ಚಹಾದ ಲೋಟ ಇಲಿಸಾಪಿಯ ಕೈಯಲ್ಲಿ ಹಾಗೇ ಉಳಿಯಿತು. ಈ ಮನೆಯಲ್ಲಿ ಯಾರೂ ಎಂದೂ ಆಡದ ಮಾತು ಅದು. ಅವಳು ಲೋಟವನ್ನು ನೆಲದ ಮೇಲಿಟ್ಟು ಹೊರಗೆ ಹೋದಳು.

ಹೊರಗೆ ತುಮಾಸಿ ಜಾರುಬಂಡಿಯ ಹಗ್ಗ ಬಿಗಿಯುತ್ತಿದ್ದ. ಇಲಿಸಾಪಿ ಅವನ ಮುಂದೆ ನಿಂತಳು.

"ನೀನು ಜೊತೆಗಿದ್ಯಲ್ಲ. ಎಲ್ಲಿಗೆ ಗುರಿಯಿಟ್ರು?"

"ತಲೆಗೆ."

"ನೆಟ್ಟಗೆ ತಲೆಗಾ?"

"ಹೂಂ."

"ಗೇಣು ಬಲಕ್ಕಲ್ವಾ?"

ತುಮಾಸಿ ಹಗ್ಗದ ಮೇಲಿಂದ ಕಣ್ಣೆತ್ತಲಿಲ್ಲ. "ಅಲ್ಲ. ಮೂರು ಸಲಾನೂ ನೆಟ್ಟಗೆ ತಲೆಗೇ."

"ಅಯ್ಯೋ ಪಾಪಿ, ನೋಡ್ಕೊಂಡು ಸುಮ್ನಿದ್ಯಾ? ಹೇಳೋಕೇನು, ಬಾಯಲ್ಲಿ ಗಡ್ಡೆ ಕಟ್ಟಿತ್ತಾ?"

"ನಾನಾ?" ತುಮಾಸಿ ಈಗ ಎದ್ದು ನಿಂತ. "ನಮ್ಮಪ್ಪನಿಗೆ ಅವನ ಬಂದೂಕಿನ ವಿಷಯ ನಾನು ಹೇಳಿಕೊಡ್ಲಾ? ನನಗೆ ಬೇಟೆ ಕಲಿಸಿದವನಿಗೆ? ಮೊದಲನೇ ಸಲ, ಮರೆತಿರ್ಬೇಕು, ಎರಡನೇ ಸಲ ನೆನಪಾಗುತ್ತೆ ಅಂದ್ಕೊಂಡೆ. ಮೂರನೇ ಸಲ ಬಾಯಿವರೆಗೂ ಬಂತು. ಹೇಳಿದ್ರೆ ಏನರ್ಥ ಆಗುತ್ತೆ ಹೇಳಮ್ಮ. ನೀನು ನಮ್ಮಪ್ಪ ಅಲ್ಲ ಅಂತ ತಾನೆ? ಅದನ್ನ ನನ್ನ ಬಾಯಿಂದ ಹೇಳಿಸ್ಬೇಡ. ನಿನ್ನ ಗಂಡ, ಬೇಕಿದ್ರೆ ನೀನೇ ಹೇಳು."

ಎಂಥ ಜನವಪ್ಪ ನಾವು! ಇಗರ್ಜಿ, ಅಂಗಡಿ ಎಂದು ಇಡೀ ಊರು ನಕ್ಕಿದ್ದ ಸಂಗತಿ. ಆಯ್ಸಾನಿಗೆ ಗೊತ್ತು, ಸಿಯಾಸಿಗೆ ಗೊತ್ತು, ಪಾದ್ರಿಗೂ ಗೊತ್ತು. ಗೊತ್ತಿಲ್ಲದಿದ್ದವಳು ಆ ಬಂದೂಕು ಹಿಡಿದ ಹುಡುಗಿ ಒಬ್ಬಳೇ. ಅವಳ ಬಂದೂಕು, ಅವಳಿಗೆ ಗೊತ್ತಿರದೆ ಇರುತ್ತದೆಯೇ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಇಲಿಸಾಪಿಯೂ ಅಷ್ಟೆ.

"ಒಂದು ಕೆಲಸ ಮಾಡ್ಲಾ," ಎಂದ ತುಮಾಸಿ ದನಿ ತಗ್ಗಿಸಿ. "ಸುತ್ತಿಗೆಯಲ್ಲಿ ಎರಡೇಟು ಕೊಟ್ರೆ ಆ ಮೊಳೆ ನೆಟ್ಟಗಾಗುತ್ತೆ. ಅಪ್ಪನಿಗೆ ಗೊತ್ತಾಗೋದೂ ಇಲ್ಲ."

ಇಲಿಸಾಪಿಗೆ ಆ ಮಾತು ಹಿಡಿಸಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ, ಎಲ್ಲ ಮೊದಲಿನಂತೆಯೇ ಇರುತ್ತದೆ. ಆದರೆ ಬಾಗಿಲವರೆಗೆ ಹೋದವಳು ನಿಂತಳು.

"ಬೇಡ. ನಾಳೆ ಅವರಿಗೆ ನಿಜವಾಗ್ಲೂ ನೆನಪಾಗಿ ಬಲಕ್ಕೆ ಹಿಡಿದ್ರೆ?"

"ಅದೂ ಹೌದು," ಎಂದ ತುಮಾಸಿ. ತಾಯಿ ಮಗ ಇಬ್ಬರೂ ಅಲ್ಲೇ ಪೆದ್ದರ ಹಾಗೆ ನಿಂತರು.

ವಿಮಾನ ನಾಳಿದ್ದು ಎಂದು ಸಂಜೆ ರೇಡಿಯೊದಲ್ಲಿ ಹೇಳಿದರು. ಮಾತಾ ಮಲಗಿದ್ದಲ್ಲಿಂದಲೇ ಹೇಳಿಕಳಿಸಿದ್ದಳು: ತಮ್ಮ ಯಾಕೆ ನೋಡೋಕೆ ಬರ್ತಿಲ್ಲ, ಬರಿಗೈಯಲ್ಲಾದ್ರೂ ಬರ್ಲಿ. ಅದನ್ನು ಕೇಳಿ ಹುಡುಗಿ ಇನ್ನೂ ಮುದುಡಿಕೊಂಡಳು. ಇಲಿಸಾಪಿ ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು. ನೆನಪಾದರೆ ಸಾಕು, ತಾನಾಗಿಯೇ ಅವರಿಗೆ ನೆನಪಾದರೆ ಸಾಕು ಎಂದು ಬೇಡಿಕೊಂಡಳು. ಹೇಳಿದರೆ ಗಂಡ ಹೋಗುತ್ತಾನೆ. ಹೇಳದಿದ್ದರೆ ಮಾತಾ ಹಸಿದು ಹೋಗುತ್ತಾಳೆ, ಈ ಹುಡುಗಿ ಇನ್ನೆಂದೂ ಬಂದೂಕು ಮುಟ್ಟುವುದಿಲ್ಲ.

ಬೆಳಗಾಗುತ್ತಲೇ ಇಲಿಸಾಪಿ ಸೀಲ್ ತೊಗಲಿನ ಹಳೇ ಬೂಟು ಹಾಕಿಕೊಂಡಳು.

"ನಾನೂ ಬರ್ತೀನಿ."

"ನಿನ್ನ ಮಂಡಿ?" ಎಂದಳು ಹುಡುಗಿ.

"ಮಂಡಿ ಮನೇಲಿದ್ರೂ ನೋಯುತ್ತೆ. ಬಂದೂಕು ತಗೊಳ್ಳಿ, ನಿಮ್ಮದೇ."

ಹಿಮದ ಮೇಲೋಡುವ ಮೋಟಾರನ್ನು ತುಮಾಸಿ ಹತ್ತಿದ, ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಅಜ್ಜಿ ಮೊಮ್ಮಗಳು ಕುಳಿತು ಮೂವರೂ ಹೊರಟರು. ದ್ವೀಪಗಳಾಚೆ ಚಪ್ಪಟೆ ಗಡ್ಡೆಯ ಮೇಲೆ ಕಪ್ಪಗೆ ಒಂದು ಸೀಲ್ ಕಂಡಿತು. ತುಮಾಸಿ ಅಷ್ಟು ದೂರದಲ್ಲೇ ಮೋಟಾರು ನಿಲ್ಲಿಸಿ ಅಲ್ಲೇ ಉಳಿದ. ಅಜ್ಜಿ ಮೊಮ್ಮಗಳು ಬಿಳಿ ಬಟ್ಟೆಯ ಮರೆ ಹಿಡಿದು ಹೊಟ್ಟೆಯ ಮೇಲೆ ತೆವಳತೊಡಗಿದರು. ಸೀಲಿನ ನಿದ್ದೆ ಕಳ್ಳನಿದ್ದೆ. ಸ್ವಲ್ಪ ಮಲಗುತ್ತದೆ, ತಲೆಯೆತ್ತಿ ಸುತ್ತ ನೋಡುತ್ತದೆ, ಮತ್ತೆ ಮಲಗುತ್ತದೆ. ಅದು ಮಲಗಿದಾಗ ತೆವಳಬೇಕು, ಎದ್ದಾಗ ಹಿಮವಾಗಬೇಕು. ಕರಗಿದ ನೀರು ಇಲಿಸಾಪಿಯ ಮೊಣಕೈಯನ್ನು ದಾಟಿ ಎದೆಯವರೆಗೆ ಹತ್ತಿತ್ತು. ಹರೆಯದಲ್ಲಿ ಗಂಡನ ಪಕ್ಕ ಹೀಗೆಯೇ ತೆವಳಿದ್ದಳು. ಆಗ ಅವನು ಬಟ್ಟೆಯ ಮರೆಯಲ್ಲಿ ಅವಳ ಕಿವಿಯಲ್ಲಿ ಏನೇನೋ ಹೇಳಿ ನಗಿಸಿ, ಸೀಲು ಓಡಿಹೋದರೆ ನಿನ್ನಿಂದಲೇ ಎನ್ನುತ್ತಿದ್ದ.

ಗುಂಡು ಮುಟ್ಟುವಷ್ಟು ಹತ್ತಿರ ಬಂದರು. ಹುಡುಗಿ ಮರೆಯ ಸೀಳಿನಲ್ಲಿ ನಳಿಗೆ ತೂರಿಸಿ, ಕಟ್ಟಿಗೆಗೆ ಕೆನ್ನೆ ಕೊಟ್ಟಳು. ಇಲಿಸಾಪಿ ಅವಳ ತೋಳಿಗೆ ತೋಳು ತಾಗಿಸಿ ಮಲಗಿ ನಳಿಗೆಯ ಉದ್ದಕ್ಕೂ ನೋಡಿದಳು. ನೆಟ್ಟಗೆ ತಲೆಗೆ. ಈಗ ಸರಿಸುತ್ತಾರೆ, ಈಗ ಸರಿಸುತ್ತಾರೆ ಎಂದು ಉಸಿರು ಬಿಗಿಹಿಡಿದು ಕಾದಳು. ನಳಿಗೆ ಸರಿಯಲಿಲ್ಲ. ಟ್ರಿಗರಿನ ಮೇಲೆ ಬೆರಳು ಬಿತ್ತು.

"ರೀ..." ಎಂದಳು ಇಲಿಸಾಪಿ, ಉಸಿರಿನಷ್ಟೇ ದನಿಯಲ್ಲಿ.

ಬೆರಳು ನಿಂತಿತು. ಇಲಿಸಾಪಿ ಅವಳ ಕಿವಿಯ ಹತ್ತಿರ ಬಾಯಿ ತಂದಳು. ಆಮೇಲೆ ಹೇಳಿದಳು.

"ಮಗಾ, ಗೇಣು ಬಲಕ್ಕೆ ಇಡು."

'ಇಡಿ' ಎನ್ನಲಿಲ್ಲ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಳು. ಹುಡುಗಿ ಕಣ್ಣಷ್ಟನ್ನೇ ಹೊರಳಿಸಿ ನೋಡಿದಳು.

"ಯಾಕೆ?"

"ಈ ಬಂದೂಕು ಎಡಕ್ಕೆ ಹೊಡೆಯುತ್ತೆ. ಮೊಳೆ ಓರೆ ಇದೆ. ತಲೆ ಬಿಟ್ಟು ಪಕ್ಕದ ಹಿಮಕ್ಕೆ ಗುರಿಯಿಡ್ಬೇಕು."

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಹುಡುಗಿ 'ನನಗೆ' ಎನ್ನಲಿಲ್ಲ, 'ಅವನಿಗೆ' ಎಂದಳು. ಅಷ್ಟರಲ್ಲಿ ಸೀಲ್ ತಲೆಯೆತ್ತಿತು. ಇಬ್ಬರೂ ಅಲ್ಲಾಡದೆ ಬಿದ್ದುಕೊಂಡರು. ಸೀಲ್ ಆಚೆ ನೋಡಿತು, ಈಚೆ ನೋಡಿತು, ಹೊಟ್ಟೆ ಕೆರೆದುಕೊಂಡು ಮತ್ತೆ ತಲೆ ಇಟ್ಟಿತು. ನಳಿಗೆ ಮೆಲ್ಲಗೆ ಬಲಕ್ಕೆ ಸರಿಯಿತು. ಗುಂಡಿನ ಸದ್ದಿಗೆ ಇಲಿಸಾಪಿಯ ಕಿವಿ ಮುಚ್ಚಿಹೋಯಿತು. ಕಣ್ಣು ತೆರೆದಾಗ ಸೀಲ್ ಇಟ್ಟ ತಲೆ ಇಟ್ಟ ಹಾಗೆಯೇ ಇತ್ತು.

ಹುಡುಗಿ ಬಂದೂಕು ಬಿಟ್ಟು ಓಡಿದಳು. ನೀರಿಗೆ ಜಾರದಂತೆ ಅದರ ಈಜುರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಇಲಿಸಾಪಿ ಮಂಡಿ ಹಿಡಿದುಕೊಂಡು ಹಿಂದಿನಿಂದ ಬಂದಳು. ಹಿಮ ಬಾಯಿಗೆ ಹಾಕಿ ಕರಗಿಸಿ, ಆ ಸಿಹಿನೀರನ್ನು ಸೀಲಿನ ಬಾಯಿಗೆ ಬಿಟ್ಟಳು. ಉಪ್ಪುನೀರಿನ ಪ್ರಾಣಿಗೆ ದಾಹ ಹೆಚ್ಚು, ಕೊಟ್ಟು ಕಳಿಸಿದರೆ ಮುಂದಿನದೂ ಬರುತ್ತದೆ.

"ಅಜ್ಜಿ, ನನ್ನ ಕೈ ನೋಡು! ನಿಲ್ತಾನೇ ಇಲ್ಲ, ಹೆಂಗೆ ನಡುಗ್ತಿದೆ ನೋಡು ಅಜ್ಜಿ!"

ಇಲಿಸಾಪಿ ಆ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಬೆಚ್ಚಗಿದ್ದವು, ಚಿಕ್ಕವಾಗಿದ್ದವು, ಉಗುರು ಕಚ್ಚಿಕೊಂಡಿದ್ದವು. "ನಡುಗ್ಲಿ ಬಿಡು," ಎಂದಳು.

ಸೀಲನ್ನು ನೇರವಾಗಿ ಮಾತಾಳ ಮನೆಗೆ ಒಯ್ದರು. ಅಡುಗೆಮನೆಯ ನೆಲಕ್ಕೆ ರಟ್ಟು ಹಾಸಿ ಮಲಗಿಸಿದರು. ಸುದ್ದಿ ಅಷ್ಟರಲ್ಲೇ ಊರು ಸುತ್ತಿತ್ತು, ಬಾಗಿಲಲ್ಲಿ ಬೂಟುಗಳ ರಾಶಿ ಬಿತ್ತು. ಮಾತಾಳನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂರಿಸಿದರು. ಇಲಿಸಾಪಿ ಅರ್ಧಚಂದ್ರದ ಉಲು ಕತ್ತಿಯಿಂದ ಹೊಟ್ಟೆ ಸೀಳಿ, ಹಸಿ ಯಕೃತ್ತು ತೆಗೆದು, ಮೇಲೊಂದು ಚೂರು ಕೊಬ್ಬಿಟ್ಟು ಕೊಟ್ಟಳು. ಊಟ ಬಿಟ್ಟು ದಿನಗಳಾಗಿದ್ದ ಮುದುಕಿ ಗಲ್ಲಕ್ಕೆ ರಕ್ತ ಇಳಿಸಿಕೊಂಡು ಚಪ್ಪರಿಸಿ ತಿಂದಳು.

"ಬಾರೋ ಇಲ್ಲಿ ತಮ್ಮಾ," ಎಂದು ಹುಡುಗಿಯ ಕೈ ಹಿಡಿದು ಎಳೆದು, ಜಗ್ಗಾಡಿ, ಅವಳ ಹೆಬ್ಬೆರಳನ್ನು ಕಚ್ಚಿ ಬಿಟ್ಟಳು. ಹಾಗೆ ಮಾಡಿದರೆ ಕೈ ಬಿಚ್ಚಿದ ಹಾಗೆ. "ಹೋಗು, ಇನ್ನು ನಿನಗೆ ಯಾವ ಸೀಲೂ ತಪ್ಪಲ್ಲ. ನಾನು ಎಲ್ಲಿದ್ರೂ ನೀನು ಹೊಡೆದಿದ್ದು ನನ್ನ ಹೊಟ್ಟೆಗೆ ಬರುತ್ತೆ."

ಜನ ಕೂಗಿ ನಕ್ಕರು. ಆಯ್ಸಾ ಮಾಂಸದ ತುಂಡು ಮೇಲೆತ್ತಿ, "ನೆಂಟರಲ್ಲಿ ಒಬ್ಬ ಕಮ್ಮಿ ಆದ!" ಎಂದ. ತನ್ನ ಮೊದಲ ಬೇಟೆಯನ್ನು ತಾನು ತಿನ್ನುವಂತಿಲ್ಲ, ಹುಡುಗಿ ಗೋಡೆಗೆ ಒರಗಿ ಬರಿಬಾಯಲ್ಲಿ ನಿಂತು ಒಬ್ಬೊಬ್ಬರ ದವಡೆಯನ್ನೂ ನೋಡುತ್ತಿದ್ದಳು. ಅವಳ ಮುಖ ಬೆಳಗುತ್ತಿತ್ತು.

ಇಲಿಸಾಪಿ ಕೊಯ್ಯುತ್ತಿದ್ದಳು. ಪಕ್ಕೆಲುಬು ಇವರಿಗೆ, ಈಜುರೆಕ್ಕೆ ಅವರಿಗೆ. ಕೊಯ್ಯುತ್ತ ಕೊಯ್ಯುತ್ತ ಕತ್ತಿ ನಿಂತಿತು. ತಲೆ ಬಗ್ಗಿಸಿ ಕುಳಿತವಳ ಬೆನ್ನು ಕುಲುಕತೊಡಗಿತು.

"ಯಾಕೇ ಅಳ್ತೀಯ?" ಎಂದಳು ಮಾತಾ. "ನಾನಿನ್ನೂ ಸತ್ತಿಲ್ಲ ಕಣೇ."

"ನಿನಗಲ್ಲ ಅತ್ತಿಗೆ."

"ಮತ್ಯಾರಿಗೆ?"

"ನಿನ್ನ ತಮ್ಮನಿಗೆ."

ಕಲಿಂಗೊ ಸತ್ತಾಗ ಇಲಿಸಾಪಿ ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಅಳಬೇಡ, ದಾರಿಯಲ್ಲಿದಾನೆ, ಬರ್ತಿದಾನೆ ಎಂದು ಎಲ್ಲರೂ ಸೊಸೆಯ ಹೊಟ್ಟೆ ತೋರಿಸಿದ್ದರು. ಅವಳು ನಂಬಿ ಬಾಯಿ ಮುಚ್ಚಿದ್ದಳು. ಮಾತಾ ಈಗ ಹಾಗೇನೂ ಹೇಳಲಿಲ್ಲ. ಗೋಡೆಯ ಕಡೆ ಬೆರಳು ಮಾಡಿ ಅಲ್ಲಿ ನಿಂತಿಲ್ವಾ ಎನ್ನಲಿಲ್ಲ. ರಕ್ತದ ಕೈಯನ್ನೇ ಇಲಿಸಾಪಿಯ ತಲೆಯ ಮೇಲಿಟ್ಟಳು.

"ಅಳು," ಎಂದಳು. "ಆವತ್ತೇ ಅಳಬೇಕಿತ್ತು ನೀನು. ನಾನೇ ಬಿಡ್ಲಿಲ್ಲ."

ಇಲಿಸಾಪಿ ಬಾಯಿಬಿಟ್ಟು ಅತ್ತಳು. ಜನ ಎದ್ದು ಹೋಗಲಿಲ್ಲ, ಮೊದಲ ಬೇಟೆಯ ಮಾಂಸವನ್ನು ಬಿಟ್ಟು ಏಳಬಾರದು. ತಲೆ ತಗ್ಗಿಸಿಕೊಂಡು ತಿಂದರು. ತುಮಾಸಿ ಎದ್ದು ಬಾಗಿಲ ಕಡೆ ತಿರುಗಿ ನಿಂತ.

ಗೋಡೆಯ ಬಳಿಯಿದ್ದ ಹುಡುಗಿ ಬಂದು ರಟ್ಟಿನ ಮೇಲೆ ಅಜ್ಜಿಯ ಪಕ್ಕ ಮಂಡಿಯೂರಿ ಕುಳಿತಳು. ಅವಳ ಕೈಯಿಂದ ಕತ್ತಿ ಬಿಡಿಸಿಕೊಂಡು ಉಳಿದ ಮಾಂಸ ಕೊಯ್ಯತೊಡಗಿದಳು. ಸೊಟ್ಟಸೊಟ್ಟಗೆ ಕೊಯ್ಯುತ್ತಿದ್ದಳು. ಕೊಯ್ಯುತ್ತಲೇ, ತಲೆಯೆತ್ತದೆ ಕೇಳಿದಳು.

"ಅಜ್ಜಿ, ಅವನು ಹೆಂಗಿದ್ದ?"

ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಇಲಿಸಾಪಿ ತೋಳಿನಿಂದಲೇ ಮೂಗು ಒರೆಸಿಕೊಂಡಳು. "ಕುಳ್ಳಗಿದ್ದ," ಎಂದಳು. "ನನಗಿಂತ ಕುಳ್ಳ." ಆಮೇಲೆ ಒಂದೊಂದಾಗಿ ಹೇಳತೊಡಗಿದಳು.